ವಿಭೂತಿ ಬಣ್ಣದ ಖಾನೆ

ಇಂದು ಬೆಳಿಗ್ಗೆ ನೇಕಾರ ಈರಪ್ಪ ಗಂಟು ಬಿಚ್ಚಿದಾಗ ಹೊಸ ಗಂಜಿಯ ವಾಸನೆ ಅಂಗಡಿ ತುಂಬಿತು. ನನ್ನ ಕಣ್ಣು ಕಪಾಟಿನ ಖಾಲಿ ಖಾನೆಗೆ ಹೋಯಿತು.

ವ್ಯಾಪಾರಕ್ಕಿಳಿಯುವವರಿಗೆ ನನ್ನದೊಂದು ಬುದ್ಧಿಮಾತು: ಅಂಗಡಿಯಲ್ಲಿ ಗೇಣು ಜಾಗವನ್ನೂ ಖಾಲಿ ಬಿಡಬೇಡಿ. ನಾನೇ ಬಿಟ್ಟೆ, ಹೆಂಡತಿಯ ಮಾತಿಗೆ. ಗಿರಿಜಾ ಹುನಗುಂದದಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಒಂದು ರಜೆಯಲ್ಲಿ ಇಳಕಲ್ಲಿನ ನನ್ನ ಅಂಗಡಿಗೆ ಬಂದವಳು ಸೀರೆಗಳನ್ನೆಲ್ಲ ಕೆಳಗಿಳಿಸಿ, ಬಣ್ಣಕ್ಕೊಂದು ಸಾಲು, ದಡಿಗೆ, ಅಂದರೆ ಅಂಚಿನ ನಮೂನೆಗೆ, ಒಂದು ಕಂಬಸಾಲು ಮಾಡಿದಳು. ವಿಭೂತಿ ಬಣ್ಣದ ಸಾಲಿನಲ್ಲಿ ಗೋಮಿ ಎಂಬ ನಮೂನೆಯ ದಡಿಯ ಖಾನೆ ಖಾಲಿ ಉಳಿಯಿತು.

"ಇಂಥಾ ಸೀರಿ ಯಾರೂ ನೇಯ್ದಿಲ್ಲಲೇ."

"ನೇಯ್ತಾರ. ಜಾಗ ಬಿಡ್ರಿ."

"ಖಾಲಿ ಜಾಗಕ್ಕ ಬಾಡಿಗಿ ನಿಮ್ಮಪ್ಪ ಕೊಡ್ತಾನೇನು?"

ನಕ್ಕು, ಮೂಲವಸ್ತುಗಳ ಕಥೆ ತೆಗೆದಳು. ಮೊದಲೊಬ್ಬ ಅವನ್ನು ಮೂರು ಮೂರಾಗಿ ಕೂಡಿಸಿದನಂತೆ. ಇನ್ನೊಬ್ಬ, ಸಂಗೀತದ ಸ್ವರದಂತೆ ಎಂಟಕ್ಕೊಮ್ಮೆ ಗುಣ ಮರಳುತ್ತದೆ ಎಂದಾಗ ಸಭೆಯೇ ನಕ್ಕಿತಂತೆ. ಆಮೇಲೆ ರಷ್ಯಾದ ಮಾಸ್ತರನೊಬ್ಬ ತೂಕದ ಪ್ರಕಾರ ಕೋಷ್ಟಕದಲ್ಲಿ ಜೋಡಿಸಿ, ನಡುವೆ ಖಾಲಿ ಬಿಟ್ಟು, ಬರುವ ವಸ್ತುವಿನ ಗುಣವನ್ನೂ ಮೊದಲೇ ಹೇಳಿದ. ಅವು ಬಂದವು. ಕೊನೆಗೆ ಒಬ್ಬ ಹುಡುಗ, ತೂಕವಲ್ಲ, ಪರಮಾಣುವಿನ ಒಳಗಿನ ಕಣಗಳ ಎಣಿಕೆಯೇ ಖರೆ ಎಂದು ತೋರಿಸಿದ. ಯುದ್ಧಕ್ಕೆ ಹೋಗಿ ಸತ್ತ.

ಆಮೇಲೆ ಜಡ್ಡು ಬಿದ್ದು ಬಾಗಲಕೋಟೆಯ ದವಾಖಾನೆಯಲ್ಲಿ ಮಲಗಿದಾಗ ಆಕೆ ನನ್ನನ್ನು ಕೇಳುತ್ತಿದ್ದುದು ಒಂದೇ: "ಆ ಸೀರಿ ಬಂತೇನ್ರಿ?"

ಈರಪ್ಪನಲ್ಲಿಗೆ ಓಡಿದೆ. ಜನ್ಮದಲ್ಲಿ ಮೊದಲ ಸಲ ಚೌಕಾಶಿ ಮಾಡಲಿಲ್ಲ. ಅವನೇ ಗಾಬರಿಯಾಗಿ, "ಒಂದ ಸೀರಿಗಂತ ಮಗ್ಗಕ್ಕ ಹಾಸಿನ ದಾರ ಹೂಡಾಕ ಬರೂದಿಲ್ರಿ ಸಾವ್ಕಾರ್ರ, ಕಡಿಮಿ ಅಂದ್ರ ಮೂರರ ನೇಯಬೇಕು," ಎಂದ. ಮೂರಾಗಲಿ ಎಂದೆ. ಮೊದಲನೆಯದನ್ನು ಮಗ್ಗದಿಂದ ಕೊಯ್ದು ತರುವ ಹೊತ್ತಿಗೆ ಮನೆಯ ಪಡಸಾಲೆಯಲ್ಲಿ ಗಿರಿಜಾಳನ್ನು ಗೋಡೆಗೆ ಆನಿಸಿ ಕೂರಿಸಿಯಾಗಿತ್ತು, ಹಣೆಗೆ ವಿಭೂತಿ ಹಚ್ಚಿಯಾಗಿತ್ತು. ಹೊದಿಸಿದೆವು. ಆಕೆಯ ಜೊತೆ ಅದೂ ಮಣ್ಣಿಗೆ ಹೋಯಿತು.

ಇಂದು ಈರಪ್ಪ ತಂದದ್ದು ಉಳಿದೆರಡು. "ಬ್ಯಾಡಂದ್ರ ಕೆರೂರ ಸಂತ್ಯಾಗ ಮಾರ್ತೇನ್ರಿ," ಎಂದ ಮೆಲ್ಲಗೆ.

"ಇಲ್ಲೇ ಇಡು."

ಗೋಮಿ ದಡಿಯ ಖಾನೆಯಲ್ಲಿ ಅವು ಅಳತೆ ತೆಗೆದಂತೆ ಕೂತವು. ಆ ರಷ್ಯಾದ ಮಾಸ್ತರ ಖಾಲಿ ಬಿಟ್ಟದ್ದು ಬರುವವರಿಗಾಗಿ. ಹೋದವರಿಗೆ ಜಾಗ ಹಿಡಿಯುವ ಲೆಕ್ಕ ಅವನ ಕೋಷ್ಟಕದಲ್ಲೂ ಇರಲಿಲ್ಲ. ಕಪಾಟು ತುಂಬಿತು, ಗಿರಿಜಾ. ಬಾಡಿಗೆಯ ಮಾತೆತ್ತಿ ನಿನ್ನನ್ನು ಕೆಣಕಲು ಈಗ ಒಂದು ಖಾನೆಯೂ ಉಳಿದಿಲ್ಲ.