ಮೊಮ್ಮಗಳ ಕಿವಿಯೊಳಗಿನ ಸತ್ತ ಎಲುಬು

ಮೊಮ್ಮಗಳ ಕಿವಿ ಉಳಿಯಿತು. ಮೊನ್ನೆ ಬೆಳಗ್ಗೆ ಬಾಗಲಕೋಟೆಯ ದವಾಖಾನೆಯಲ್ಲಿ ಆಪರೇಷನ್ ಮಾಡಿದ ಡಾಕ್ಟರು ಕಿವಿಯೊಳಗೆ ತುಂಬಿದ್ದ ಔಷಧದ ಬಟ್ಟೆಯನ್ನು ಮೆಲ್ಲಗೆ ಎಳೆದು ತೆಗೆದರು. ಲೈಟು ಬಿಟ್ಟು ನೋಡಿ, "ಅಜ್ಜಾರ, ಒಳಗ ಎಲ್ಲಾ ಕೆಂಪಗ ಐತ್ರಿ. ಜೀವ ಹಿಡದೈತಿ" ಅಂದರು. ಆ ಖುಷಿಯಲ್ಲಿ ಹೊರಗೆ ಬಂದು, ಗುರುತಿಲ್ಲದ ಇಬ್ಬರನ್ನು ಹಿಡಿದು ಚಹಾ ಕುಡಿಸಿದೆ. ನಮ್ಮೂರು ಇಳಕಲ್ಲಿನ ಬಸ್ಸು ಹತ್ತಿ ಕೂತ ಮೇಲೆ ಸಿಟ್ಟು ಬಂತು. ಅದು ಇನ್ನೂ ಇಳಿದಿಲ್ಲ.

ಮೊಮ್ಮಗಳು ಬಸ್ ಕಂಡಕ್ಟರ್. ಸಣ್ಣವಳಿದ್ದಾಗ ಕಿವಿಯ ಕೆಳಗೆ ಕ್ಯಾನ್ಸರಿನ ಗಂಟು ಆಗಿತ್ತು. ಕೊಯ್ದು ತೆಗೆದು, ಆ ಜಾಗಕ್ಕೆ ರೇಡಿಯೇಷನ್ ಕೊಟ್ಟಿದ್ದರು. ಹುಡುಗಿ ಬದುಕಿದಳು. ನಮ್ಮ ಮನೆಯಲ್ಲೇ ಇರುವ ನನ್ನ ತಂಗಿ ಅವತ್ತೇ ಎಲ್ಲರಿಗೂ ತಾಕೀತು ಮಾಡಿದಳು: "ಕ್ಯಾನ್ಸರ್ ಅನ್ನೂ ಮಾತು ಈ ಹೊಸ್ತಿಲ ದಾಟಬಾರದು. ನಾಳೆ ಕನ್ಯಾ ನೋಡಾಕ ಒಬ್ಬರೂ ಬರಂಗಿಲ್ಲ." ನಾನು ಆಗಲೇ ಬೈದಿದ್ದೆ. ನನ್ನ ಮಾತು ಯಾರು ಕೇಳಬೇಕು.

ಹೋದ ವರ್ಷ ಅದೇ ಕಿವಿ ಸೋರತೊಡಗಿತು. ಎಂಥ ನಾತ ಅಂದರೆ, ಬಸ್ಸಿನಲ್ಲಿ ಒಬ್ಬಾಕೆ ಮೂಗಿಗೆ ಸೆರಗು ಹಿಡಿದು ಸೀಟು ಬದಲಿಸಿದಳಂತೆ. ಮೊಮ್ಮಗಳು ಹತ್ತಿ ತುರುಕಿ, ಸ್ಕಾರ್ಫ್ ಕಟ್ಟಿಕೊಂಡು ಟಿಕೆಟ್ ಹರಿದಳು. ತಂಗಿ ಬೆಳ್ಳುಳ್ಳಿ ಎಣ್ಣೆ ಕಾಸಿ ಹಾಕಿದಳು. ಊರ ಡಾಕ್ಟರು ತಿಂಗಳುಗಟ್ಟಲೆ ಹನಿ ಔಷಧ ಬದಲಿಸಿದರು. ಪ್ರತಿ ಸಲ ಜೊತೆಗೆ ಹೋಗುತ್ತಿದ್ದವಳು ತಂಗಿಯೇ, ಉತ್ತರ ಹೇಳುತ್ತಿದ್ದವಳೂ ಅವಳೇ.

ಒಮ್ಮೆ ತಂಗಿ ಹುನಗುಂದಕ್ಕೆ ಮದುವೆಗೆ ಹೋಗಿದ್ದಳು. ನಾನು ಕರೆದುಕೊಂಡು ಹೋದೆ. ಡಾಕ್ಟರು ಮತ್ತೆ ಹನಿ ಬರೆಯಲು ಹೊರಟಾಗ ನಾನೇ ಅಂದೆ: "ಕ್ಯಾನ್ಸರ್ ಇದ್ದಾಗ ಈ ಕಿವಿ ಕೆಳಗ ರೇಡಿಯೇಷನ್ ಕೊಟ್ಟಿದ್ರಲ್ರಿ, ಅದರದ ಏನರ ಇರಬಹುದೇನ್ರಿ?"

ಅವರು ಪೆನ್ನು ಕೆಳಗಿಟ್ಟರು. "ನಿಮ್ಮ ತಂಗಿಯವ್ರು ಬರೇ ಗಂಟು ಅಂದಿದ್ರು. ಇಷ್ಟ ದಿವಸ ಯಾಕ ಹೇಳಲಿಲ್ರಿ?"

"ಅಷ್ಟುದ್ದ ಗಾಯದ ಗುರುತು ಕಂಡೂ ನೀವ್ಯಾಕ ಕೇಳಲಿಲ್ರಿ?" ಅಂದೆ. ಮೊಮ್ಮಗಳು ನನ್ನ ಅಂಗಿ ಜಗ್ಗಿದಳು. ನಾನು ಬಿಡಲಿಲ್ಲ.

ಅವರು ಬರೆದುಕೊಟ್ಟ ಚೀಟಿ ಹಿಡಿದು ಹೋದೆವು; ಬಾಗಲಕೋಟೆಯಲ್ಲಿ ಸ್ಕ್ಯಾನ್ ಆಯಿತು. ರೇಡಿಯೇಷನ್ನಿನ ಕಿರಣ ಗಂಟಿನ ಜೊತೆಗೆ ಕಿವಿದಾರಿಯ ಎಲುಬಿನ ರಕ್ತವನ್ನೂ ಬತ್ತಿಸಿತ್ತಂತೆ. ಎಷ್ಟೋ ವರ್ಷ ಸುಮ್ಮನಿದ್ದು, ಈಗ ಎಲುಬು ಸತ್ತು ಬಯಲಾಗಿತ್ತು. "ಬಿಟ್ರ ಒಳಕ್ಕ ಹೋಗತೈತಿ, ಮಿದುಳಿಗೂ ತ್ರಾಸ" ಅಂದರು ಅಲ್ಲಿನ ಡಾಕ್ಟರು. ಸತ್ತದ್ದನ್ನು ರಕ್ತ ಜಿನುಗುವ ತನಕ ಕೊರೆದು ತೆಗೆದರು. ಬರೀ ಚರ್ಮ ಇಟ್ಟರೆ ಅಲ್ಲಿ ಹತ್ತುವುದಿಲ್ಲ; ಅದಕ್ಕೆ ಕಿವಿಯ ಮೇಲಿನಿಂದ ಒಂದು ತೆಳು ಪದರವನ್ನು ಅದರ ರಕ್ತನಾಳ ಕಡಿಯದೆ ತಿರುವಿ ತಂದು ಹೊದಿಸಿದರು. ಅದು ಹಿಡಿಯುತ್ತದೋ ಇಲ್ಲವೋ ಎಂದು ವಾರಗಟ್ಟಲೆ ನನಗೆ ಅನ್ನ ಸೇರಲಿಲ್ಲ.

ಮೊನ್ನೆ ಸಂಜೆ ಅವಳ ಅಪ್ಪ-ಅವ್ವ, ಅಂದರೆ ನನ್ನ ಮಗ, ಸೊಸೆ ಮರೋಳದ ಹೊಲದಿಂದ ಬಂದರು. ತಂಗಿ ಹೋಳಿಗೆ ಮಾಡಿದ್ದಳು. "ತುಳಸಿಗೇರಿ ಹಣಮಪ್ಪಗ ನಾ ಹರಕಿ ಹೊತ್ತಿದ್ದೆ" ಅಂದಳು.

ನನಗೆ ತಡೆಯಲಾಗಲಿಲ್ಲ. "ಹಣಮಪ್ಪನ ಮುಂದರ ಖರೆ ಹೇಳಿದ್ದಿ ಏನು? ಇಲ್ಲಾ ಅವಗೂ ಗಂಟು ಅಂದಿ?"

"ಅಜ್ಜಾ, ಸಣ್ಣ ದನಿಲೆ ಬೈ" ಅಂದಳು ಮೊಮ್ಮಗಳು. "ಈ ಕಿವಿಗೂ ಕೇಳಸಾಕತ್ತೈತಿ."

ತಂಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾಳೆ ವರ ನೋಡಾಕ ಬಂದ್ರ ಏನ ಹೇಳೂದವ್ವಾ?"

"ನಾನ ಎಲ್ಲಾ ಹೇಳ್ತೇನಿ. ಒಲ್ಲೆ ಅಂದ್ರ ಮುಂದಿನ ಸ್ಟಾಪಿಗೆ ಇಳಸ್ತೇನಿ."

ಸೊಸೆಗೆ ನಗು ತಡೆಯದೆ ನೀರು ನೆತ್ತಿಗೇರಿತು. ಎಲ್ಲರೂ ಸುತ್ತಲೂ ಕೂತು ಉಂಡೆವು. ತಂಗಿ ತುಪ್ಪ ಹಾಕಲು ಬಂದಳು. ಸಿಟ್ಟು ಇಳಿದಿರಲಿಲ್ಲ, ಆದರೂ ತಾಟು ಮುಂದೆ ಸರಿಸಿದೆ.