ಚಿಕ್ಕತ್ತೆ ಸಾರಿಸಿದ ಜಗಲಿ

ಮೊನ್ನೆ ಬಕೆಟ್ಟಿನಲ್ಲಿ ಕೆಮ್ಮಣ್ಣು ನೆನೆಹಾಕಿದೆ. ಅದರ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಸಿಟ್ಟು ಬಂತು. ಮಣ್ಣು ನೆಂದ ವಾಸನೆಗೆ ಉಳಿದವರಿಗೆ ಮಳೆ ನೆನಪಾಗುತ್ತದಂತೆ, ತವರುಮನೆ ನೆನಪಾಗುತ್ತದಂತೆ. ನನಗೆ ನಮ್ಮತ್ತೆ ನೆನಪಾಗುತ್ತಾಳೆ. ಸತ್ತು ಎಷ್ಟೋ ವರ್ಷವಾದವಳ ಮೇಲೆ ಈಗ ಸಿಟ್ಟು ಮಾಡಿಕೊಂಡು ಏನು ಬಂತು ಎಂದು ನೀವು ಕೇಳಬಹುದು. ಏನೂ ಬರಲಿಲ್ಲ, ಸಿಟ್ಟೊಂದೇ ಬಂದದ್ದು.

ನಮ್ಮದು ಹೊಳೆನರಸೀಪುರಕ್ಕೆ ಹತ್ತಿರದ ಹಳ್ಳಿ. ಮಗ ಪೇಟೆಯಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುತ್ತಾನೆ, ರಾತ್ರಿ ಊಟಕ್ಕೆ ಮನೆಗೇ ಬರುತ್ತಾನೆ. ಮನೆ ರಿಪೇರಿ ಮಾಡಿಸಿದಾಗ ಒಳಗೆಲ್ಲ ಟೈಲ್ಸ್ ಹಾಕಿಸಿದ. ಒದ್ದೆ ಕಾಲಲ್ಲಿ ನಡೆದರೆ ದೇವರೇ ಗತಿ. ಜಗಲಿಗೂ ಅದನ್ನೇ ಹಾಕಿಸಲು ಹೊರಟಾಗ ನಾನು ಅಲ್ಲೇ ಅಡ್ಡ ಕೂತೆ.

"ಮಣ್ಣಿನ ಜಗ್ಲಿ ನೋಡಿ ಊರೋರು ನಗ್ತಾರೆ ಕಣವ್ವ" ಅಂದ.

"ಬಾಯಿರೋರು ನಗ್ತಾರೆ, ನಗ್ಲಿ ಬುಡು" ಅಂದೆ.

ಜಗಲಿ ಉಳಿಯಿತು. ಉಳಿದದ್ದರಿಂದ ಪ್ರತಿ ಯುಗಾದಿಗೂ ಅದನ್ನು ಸಾರಿಸಬೇಕು. ಗುಡ್ಡದ ಅಂಚಿನಿಂದ ಕೆಮ್ಮಣ್ಣು ತರಿಸಿ, ಜರಡಿ ಹಿಡಿದು, ನೆನೆಸಿಡಬೇಕು. ಹೊಸ ಸಗಣಿಗೆ ಹುಲ್ಲು ಸುಟ್ಟ ಕರಿ ಸೇರಿಸಿ ಕಲಸಬೇಕು. ನೆಲಕ್ಕೆ ಸಗಣಿ, ಅಂಚಿಗೆ ಕೆಮ್ಮಣ್ಣಿನ ಪಟ್ಟೆ, ಪಟ್ಟೆಯ ಮೇಲೆ ಸುಣ್ಣದ ಬೊಟ್ಟು, ಬಾಗಿಲಿಗೆ ಮಾವಿನ ತೋರಣ. ಮಾವು ಚಿಗುರಿ, ಹೊಂಗೆ ಚಿಗುರಿ, ಊರೆಲ್ಲ ತಾನಾಗಿ ಹೊಸದಾಗಿರುವಾಗ ಮನೆಯ ಮುಂದು ಮಾತ್ರ ಹಳೆಯ ಕೊಳೆಯಲ್ಲಿ ಇರಬಾರದು, ಅಷ್ಟೆ. ನಾನು ಓದಿದ್ದು ಮೂರನೇ ಕ್ಲಾಸು. ಇದಕ್ಕಿಂತ ದೊಡ್ಡ ಅರ್ಥ ನನಗೆ ಗೊತ್ತಿಲ್ಲ.

ನನ್ನ ಗಂಡ ಹೋಗಿ ವರ್ಷ ದಾಟಿತು. ಹೋದ ಯುಗಾದಿಗೆ ಸಾವಿನ ಮನೆಯೆಂದು ಹಬ್ಬವೇ ಮಾಡಲಿಲ್ಲ. ಹಾಗಾಗಿ ಮುತ್ತೈದೆಯಲ್ಲದ ನನಗೆ ಇದು ಮೊದಲ ಯುಗಾದಿ. ಅದಕ್ಕೇ ಇರಬೇಕು, ನನ್ನ ನಾದಿನಿ ರಾಜಿ ಅರಕಲಗೂಡಿನ ಬಸ್ಸು ಹತ್ತಿ ಎರಡು ದಿನ ಮೊದಲೇ ಬಂದಿಳಿದಳು. ನನ್ನ ಗಂಡನ ತಂಗಿ, ಮೊಮ್ಮಕ್ಕಳನ್ನು ಕಂಡವಳು. ಹೆಗಲಲ್ಲಿ ಬ್ಯಾಗು, ಬ್ಯಾಗಿನಲ್ಲಿ ಒಂದು ಪ್ಲಾಸ್ಟಿಕ್ ತೋರಣ. ಬಕೆಟ್ಟಿನಲ್ಲಿ ಮಣ್ಣು ನೆಂದಿರುವುದನ್ನು ನೋಡಿದಳು, ನನ್ನ ಬರಿ ಹಣೆ ನೋಡಿದಳು, ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

"ಅತ್ತಿಗೆ, ಸಾರ್ಸೋದು ಬೇಕಾರೆ ನೀನೇ ಸಾರ್ಸು. ಬೊಟ್ಟು, ತೋರ್ಣ ಎಲ್ಲಾ ಸುಧಾ ಮಾಡ್ಲಿ. ಇಲ್ದಿದ್ರೆ ಇದ ನೇತಾಕು, ವರ್ಸೆಲ್ಲ ಇರ್ತದೆ. ನಿನ್ ಕೈಲಿ ಮಾತ್ರ ಬ್ಯಾಡ. ಒಳ್ಳೇದುಕ್ಕೇ ಏಳ್ತೀನಿ."

ಸುಧಾ ನನ್ನ ಸೊಸೆ, ಚನ್ನರಾಯಪಟ್ಟಣದ ಹುಡುಗಿ. ಅವಳು ಅಡುಗೆಮನೆಯಿಂದಲೇ, "ನಂಗೆ ಅವೆಲ್ಲ ಬರಲ್ಲ ರಾಜತ್ತೆ, ಅತ್ತೇನೇ ಮಾಡ್ಲಿ" ಅಂದಳು. ರಾಜಿ ಅವಳಿಗೆ ಏನೇನೋ ಬುದ್ಧಿ ಹೇಳಿದಳು. ನಾನು ಕೇಳಿಸಿಕೊಳ್ಳಲಿಲ್ಲ. ನನ್ನ ಕಿವಿಯಲ್ಲಿ ಆ ಮೊದಲ ಮಾತೇ ನಿಂತಿತ್ತು. ಸಾರಿಸುವುದಾದರೆ ಸಾರಿಸು. ಅದೇ ಮಾತು, ಅದೇ ಗಂಟಲು. ಅವರಮ್ಮ ಎದ್ದು ಬಂದು ಹೇಳಿದ ಹಾಗೆ.

ನಮ್ಮತ್ತೆ ಆ ಮಾತು ಹೇಳುತ್ತಿದ್ದದ್ದು ನನ್ನ ಚಿಕ್ಕತ್ತೆಗೆ. ಚಿಕ್ಕತ್ತೆ ಅಂದರೆ ನಮ್ಮ ಮಾವನ ತಮ್ಮನ ಹೆಂಡತಿ, ಸಣ್ಣಮ್ಮ. ನಾನು ಸೊಸೆಯಾಗಿ ಬರುವ ಹೊತ್ತಿಗೆ ಅವಳ ಗಂಡ ಹೇಮಾವತಿ ದಾಟಲು ಹೋಗಿ ಹೊಳೆಪಾಲಾಗಿದ್ದ. ಮಕ್ಕಳಿರಲಿಲ್ಲ. ನಮ್ಮತ್ತೆ ಹೆತ್ತಳು, ಚಿಕ್ಕತ್ತೆ ಸಾಕಿದಳು. ರಾಜಿಯ ಹೇನು ತೆಗೆದವಳು ಅವಳು, ಜ್ವರ ಬಂದಾಗ ತೊಡೆಯ ಮೇಲೆ ಹಾಕಿಕೊಂಡು ಕೂತವಳು ಅವಳು. ಮನೆಯಲ್ಲಿ ಅವಳಿಗೆ ಎಲ್ಲ ಕೆಲಸವೂ ಇತ್ತು. ಮುಂದಿನ ಬಾಗಿಲೊಂದು ಇರಲಿಲ್ಲ.

ಸಗಣಿ ಎತ್ತಲು ಅವಳ ಕೈ ಆಗುತ್ತಿತ್ತು. ಗುಡ್ಡದಿಂದ ಮಣ್ಣು ಹೊರಲು ಅವಳ ತಲೆ ಆಗುತ್ತಿತ್ತು. ಸಾರಿಸಿ ಮುಗಿಯಿತೋ, "ನೀ ಇನ್ನ ಇತ್ಲುಗೋಗು ಸಣ್ಣಿ" ಎಂದು ನಮ್ಮತ್ತೆ ಸುಣ್ಣದ ಬಟ್ಟಲು ಹಿಡಿದು ಬರುತ್ತಿದ್ದಳು. ಕೆಸರೆಲ್ಲ ಚಿಕ್ಕತ್ತೆಗೆ, ಕೊನೆಯ ಬಿಳಿ ಬೊಟ್ಟು ಮುತ್ತೈದೆಗೆ. ನಮ್ಮತ್ತೆ ಇಡುತ್ತಿದ್ದ ಬೊಟ್ಟಾದರೂ ಚೆನ್ನಾಗಿತ್ತೇ? ಕಾಗೆ ಹಿಕ್ಕೆ ಹಾಕಿದ ಹಾಗಿರುತ್ತಿತ್ತು.

ಚಿಕ್ಕತ್ತೆ ಸಾರಿಸುವುದನ್ನು ನೀವು ನೋಡಬೇಕಿತ್ತು. ನಾವು ಸಾರಿಸಿದರೆ ನೆಲ ಒದ್ದೆಯಾಗುತ್ತದೆ, ಅಷ್ಟೆ. ಅವಳು ಮಂಡಿಯೂರಿ, ಸೆರಗು ಸಿಕ್ಕಿಸಿ, ಹಿಂದಕ್ಕೆ ಸರಿಯುತ್ತ ಅಂಗೈಯನ್ನು ಬೀಸುತ್ತಿದ್ದಳು. ಒಂದು ಬೀಸಿಗೆ ಒಂದು ಅರ್ಧಚಂದ್ರ. ಅದರ ಬದಿಗೆ ಇನ್ನೊಂದು. ಮುಂದಿನ ಸಾಲಿನದು ಇವೆರಡರ ನಡುವೆ. ಹೆಂಚು ಹೊದಿಸಿದ ಸೂರಿನ ಹಾಗೆ ಒಂದರ ಮೇಲೊಂದು ಕೂತು, ಒಣಗಿದಾಗ ಬೆರಳಿನ ಗೆರೆಗಳೆಲ್ಲ ಎದ್ದು ಕಾಣುತ್ತಿದ್ದವು. ರಂಗೋಲಿ ಹಾಕಬಾರದು ಎಂದಿದ್ದರು, ಅವಳು ಹಾಕಲಿಲ್ಲ. ಸಾರಿಸು ಎಂದಿದ್ದರು, ಸಾರಿಸಿದಳು. ಇದರಲ್ಲಿ ತಪ್ಪು ಹುಡುಕಲು ನಮ್ಮತ್ತೆಗೂ ಆಗಲಿಲ್ಲ.

ಒಮ್ಮೆ ಮೊಸಳೆ ಎಂಬ ಊರಿಗೆ ಹೋಗಿದ್ದಾಗ ಅಲ್ಲಿನ ಜೋಡಿ ಗುಡಿಗಳ ಕಲ್ಲನ್ನು ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ನಾನೂ ನೋಡಿದೆ. ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಕಲ್ಲಿನಲ್ಲಿ ಕೆತ್ತಿದರೆ ನೋಡಲು ಬಸ್ಸು ಮಾಡಿಕೊಂಡು ಬರುತ್ತಾರೆ, ಸಗಣಿಯಲ್ಲಿ ಬರೆದರೆ ಅದರ ಮೇಲೆ ಎಲೆಅಡಿಕೆ ಉಗಿಯುತ್ತಾರೆ ಎಂದುಕೊಂಡು ಪ್ರಸಾದ ತಿಂದು ಬಂದೆ. ಇದು ಪಕ್ಕದ ಮಾತು. ಹೇಳಬೇಕಾದದ್ದು ರಾಜಿಯ ಮದುವೆಯ ಮಾತು.

ನಾನು ಈ ಮನೆಗೆ ಬಂದ ಹೊಸತು. ಯುಗಾದಿ ಹತ್ತಿರವಾಗಿತ್ತು, ಜಗಲಿ ಸಾರಿಸಿ ಒಣಗಿತ್ತು. ಅರಕಲಗೂಡಿನ ಕಡೆಯಿಂದ ರಾಜಿಯನ್ನು ನೋಡಲು ಬರುತ್ತೇವೆಂದು ಹೇಳಿ ಕಳಿಸಿದರು. ಹೊಗೆಸೊಪ್ಪು ಬೆಳೆಯುವ ದೊಡ್ಡ ಮನೆ. ಅವರ ಗಾಡಿ ಬೀದಿಗೆ ಬಂದಾಗ ನಮ್ಮತ್ತೆ ಚಿಕ್ಕತ್ತೆಯನ್ನು ಹಿತ್ತಿಲಿಗೆ ಕಳಿಸಿ ಒಳಗಿನಿಂದ ಚಿಲಕ ಹಾಕಿದಳು. ಎದುರಿಗೆ ಬಂದಾಳು, ಒಳ್ಳೆಯ ಕೆಲಸ ಕೆಟ್ಟೀತು ಎಂದು. ಎಮ್ಮೆ ನುಗ್ಗದ ಹಾಗೆ ಹಾಕುವ ಚಿಲಕ ಅದು.

ಗಂಡಿನ ತಾಯಿ ಗಾಡಿಯಿಂದ ಇಳಿದು ಮೆಟ್ಟಿಲ ತನಕ ಬಂದವಳು ಅಲ್ಲೇ ನಿಂತುಬಿಟ್ಟಳು. ಎತ್ತಿದ ಕಾಲು ಕೆಳಗಿಳಿಸಿದಳು.

"ಅಯ್ಯೋ ಸಿವ್ನೆ, ಇದ್ರ ಮ್ಯಾಲೆ ಎಂಗವ್ವ ಕಾಲಿಕ್ಕದು? ಯಾರು ಸಾರ್ಸಿದ್ದು ಇದ್ನ?"

ನಮ್ಮತ್ತೆ ಕಣ್ಣು ಮಿಟುಕಿಸಲಿಲ್ಲ. "ಇನ್ಯಾರವ್ವ, ನಮ್ ರಾಜೀನೇ."

ರಾಜಿ ತಲೆ ತಗ್ಗಿಸಿ ನಿಂತಿದ್ದಳು. ಹೆಣ್ಣು ನಾಚಿಕೊಂಡಿತು ಎಂದು ಬಂದವರು ತಿಳಿದರು. ಆ ಹೆಂಗಸು ಅವಳ ಕೈ ಹಿಡಿದು, "ಇಂತಾ ಕೈ ನಮ್ಮನೆಗೆ ಬೇಕು ಕಣವ್ವ" ಅಂದಳು. ಹಿಡಿದ ಕೈಯನ್ನು ಒಂದು ಸಲ ತಿರುಗಿಸಿ ನೋಡಿದ್ದರೆ ಸಾಕಿತ್ತು. ಬೆಣ್ಣೆಯಂಥ ಅಂಗೈ, ಉಗುರಿನಲ್ಲಿ ಒಂದು ಚೂರು ಮಣ್ಣಿಲ್ಲ. ಯಾರು ನೋಡುತ್ತಾರೆ? ಉಪ್ಪಿಟ್ಟು ತಿಂದರು, ಒಪ್ಪಿದರು, ಹೋದರು.

ನಾನು ಒಂದು ಲೋಟ ಕಾಫಿ ತೆಗೆದುಕೊಂಡು ಚಿಲಕ ತೆಗೆದು ಹಿತ್ತಿಲಿಗೆ ಹೋದೆ. ಚಿಕ್ಕತ್ತೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಕಡ್ಡಿಯಲ್ಲಿ ಉಗುರಿನ ಕೆಮ್ಮಣ್ಣು ತೆಗೆಯುತ್ತಿದ್ದಳು.

"ಒಪ್ಪುದ್ರಾ?"

"ಒಪ್ಪುದ್ರು. ಜಗ್ಲಿ ನೋಡಿ ಒಪ್ಪುದ್ರು. ರಾಜಿ ಸಾರ್ಸಿದ್ದು ಅಂದ್ಬುಟ್ರು ಅತ್ತೆ."

ಅವಳು ನಕ್ಕಳು. "ಅದಾ? ಅದುಕ್ಕೆ ಸಗಣಿ ಕಂಡ್ರೆ ವಾಂತಿ ಬತ್ತದೆ."

"ನಿಂಗೆ ಸಿಟ್ಟು ಬರಕ್ಕಿಲ್ವಾ ಚಿಕ್ಕತ್ತೆ?"

ಕಾಫಿ ಕುಡಿದು ಲೋಟ ತೊಳೆದು ಕೊಟ್ಟಳು. "ಬಂದ್ರೆ ಎಲ್ಲಿ ಮಡಗ್ಲವ್ವ? ನಂಗೇನು ಪೆಟ್ಗೆ ಅದಾ, ರೂಮದಾ? ಬಂದಂಗೆ ಬಂದಂಗೆ ಜಗ್ಲಿಗೆ ಬಳ್ದ್ಬುಡ್ತೀನಿ."

ಆಮೇಲೆ ನನಗೆ ಆ ಅರ್ಧಚಂದ್ರಗಳನ್ನು ಮೊದಲಿನ ಹಾಗೆ ನೋಡಲಾಗಲಿಲ್ಲ. ಚೆಂದ ಎಂದು ಎಲ್ಲರೂ ಹೊಗಳಿದ್ದು ಅವಳು ಬಳಿದಿಟ್ಟ ಸಿಟ್ಟನ್ನು.

ಆ ಸುಳ್ಳು ರಾಜಿಯ ಮದುವೆ ಮಾಡಿಸಿತು, ಜಗಲಿ ಸಾರಿಸಿಕೊಡಲಿಲ್ಲ. ಗಂಡನ ಮನೆಯಲ್ಲಿ ಮೊದಲ ಯುಗಾದಿಗೆ ಅತ್ತೆ ಬಕೆಟ್ಟು ಮುಂದಿಟ್ಟು, "ನಿಮ್ಮನೇಲಿ ಮಾಡಿದ್ಯಲ್ಲ, ಅಂಗೇ ಮಾಡವ್ವ" ಅಂದರಂತೆ. ರಾಜಿ ಅಂಗೈಗೆ ಬಟ್ಟೆ ಸುತ್ತಿಕೊಂಡು ಕೈ ಸುಟ್ಟಿದೆ ಎಂದಳಂತೆ. ಮರುವರ್ಷ ಹೊಟ್ಟೆಯಲ್ಲಿ ಮಗು. ಅದರ ಮರುವರ್ಷ ಅವರು ಜಗಲಿಗೆ ಸಿಮೆಂಟು ಹಾಕಿಸಿದರು. ದೇವರು ಇಂಥವರಿಗೆ ಹೇಗೆ ದಾರಿ ಮಾಡಿಕೊಡುತ್ತಾನೆ ನೋಡಿ.

ಚಿಕ್ಕತ್ತೆಯನ್ನು ಮುಂದಿನ ಜಗಲಿಯಲ್ಲಿ ಕೂರಿಸಿದ್ದು ಒಂದೇ ದಿನ. ಅವಳು ಸತ್ತ ದಿನ. ನಮ್ಮ ಕಡೆ ಹೆಣವನ್ನು ಜಗಲಿಯಲ್ಲಿ ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಬದುಕಿದ್ದಾಗ ಒಂದು ಎಸಳು ಮುಡಿಯಲು ಬಿಡದವರು ಅವತ್ತು ಕೊರಳು ತುಂಬ ಹೂವು ಹಾಕಿದರು. ರಾಜಿ ಬಂದು ಬಿದ್ದು ಹೊರಳಿ ಅತ್ತಳು. ಇಷ್ಟಾಗಿಯೂ ಜಗಲಿ ಸಾರಿಸಿದವಳು ಇವಳು ಎಂಬ ಒಂದು ಮಾತು ಅವಳ ಬಾಯಿಂದ ಬೀಳಲಿಲ್ಲ.

ಇರಲಿ. ನಿನ್ನೆಗೆ ಬರುತ್ತೇನೆ. ನಿನ್ನೆ ನಾನೇ ಸಾರಿಸಿದೆ. ಚಿಕ್ಕತ್ತೆಯ ಹಾಗೆ ಬೀಸಲು ಹೋದೆ. ಮಂಡಿ ಮಡಚುವುದಿಲ್ಲ, ಮಡಚಿದರೆ ಬಿಡಿಸಿಕೊಳ್ಳುವುದಿಲ್ಲ. ಎರಡು ಸಾಲಿಗೇ ಸುಧಾ ಬಂದು ರಟ್ಟೆ ಹಿಡಿದು ಎಬ್ಬಿಸಬೇಕಾಯಿತು. "ಅತ್ತೆ, ಇದು ಅರ್ಧಚಂದ್ರಾನಾ, ತಿಂದು ಬಿಟ್ಟ ದೋಸೇನಾ?" ಎಂದು ನಕ್ಕಳು. ಬೈದೆ, ಮತ್ತೆ ಕೂತೆ. ಮುಗಿಯುವ ಹೊತ್ತಿಗೆ ಅಂಗೈ ಉರಿಯುತ್ತಿತ್ತು. ಆಮೇಲೆ ಒಳಗೆ ಹೋಗಿ ಸುಣ್ಣದ ಬಟ್ಟಲು ತಂದೆ. ಅಂಚಿನುದ್ದಕ್ಕೂ ಬೊಟ್ಟು ಇಟ್ಟೆ. ರಾಜಿ ಒಳಗೆ ಟಿವಿ ನೋಡುತ್ತಿದ್ದಳು. ಕತ್ತಲಾಗಿತ್ತು, ಬೊಟ್ಟು ಅವಳ ಕಣ್ಣಿಗೆ ಬೀಳಲಿಲ್ಲ.

ಇವತ್ತು ಯುಗಾದಿ. ಬೆಳಿಗ್ಗೆ ಮಗ ಮಾವಿನ ಸೊಪ್ಪು ತಂದುಕೊಟ್ಟು ಸ್ನಾನಕ್ಕೆ ಹೋದ. ರಾಜಿ ಎಣ್ಣೆ ನೀರು ಹಾಕಿಕೊಂಡು ಇನ್ನೂ ಮಬ್ಬಿರುವಾಗಲೇ ನೆರೆಯವರ ಜೊತೆ ಗುಡಿಗೆ ಹೋದಳು, ಬೊಟ್ಟು ಆಗಲೂ ಕಾಣಲಿಲ್ಲ. ಅವಳು ತಿರುವು ದಾಟಿದ ಮೇಲೆ ನಾನು ಹಿಂದಕ್ಕೆ ಹೋಗಿ ಒಂದು ಸಣ್ಣ ಕೆಲಸ ಮುಗಿಸಿ, ಸ್ಟೂಲು ಹಾಕಿಕೊಂಡು ಬಾಗಿಲ ಮುಂದೆ ನಿಂತೆ. ತೋರಣದ ಎರಡನೇ ಗಂಟು ಹಾಕುತ್ತಿದ್ದಾಗ ಅವಳು ಬಂದಳು. ಬೀದಿಯಲ್ಲೇ ನಿಂತಳು.

"ಅತ್ತಿಗೆ! ಬ್ಯಾಡ ಅಂತ ಏಳಿರ್ನಿಲ್ವಾ?"

"ಏಳಿದ್ದೆ. ಕೇಳುಸ್ತು."

"ಬೊಟ್ಟೂ ನೀನೇ ಇಟ್ಯಾ? ಈ ತೋರ್ಣದ ಕೆಳ್ಗೆ ನಾನು ಬರಕ್ಕಿಲ್ಲ."

"ಬರ್ಬ್ಯಾಡ."

ಅಷ್ಟರಲ್ಲಿ ಹೂವಿನವಳು ಬುಟ್ಟಿ ಹೊತ್ತು ಬಂದಳು. ಬಂದವಳು ನಮ್ಮ ಜಗಳ ನೋಡಲಿಲ್ಲ, ಜಗಲಿ ನೋಡಿದಳು. ಬುಟ್ಟಿ ಇಳಿಸಿ ಸೊಂಟದ ಮೇಲೆ ಕೈಯಿಟ್ಟಳು.

"ಯಾರವ್ವ ಇದ್ನ ಸಾರ್ಸಿದ್ದು? ಇಂಗೆ ಬೀಸಿ ಸಾರ್ಸಿದ್ದ ನೋಡಿ ಯಾವ್ ಕಾಲ ಆಗಿತ್ತೋ."

ನಾನು ರಾಜಿಯ ಮುಖ ನೋಡಿದೆ. ಅದೇ ಮೆಟ್ಟಿಲು, ಅದೇ ಪ್ರಶ್ನೆ. ಈಗ ಅವರಮ್ಮ ಇಲ್ಲ, ಹೆದರಬೇಕಾದವರು ಯಾರೂ ಇಲ್ಲ. ನಮ್ಮ ಚಿಕ್ಕವ್ವ ಹೀಗೆ ಸಾರಿಸುತ್ತಿತ್ತು ಎಂದು ಒಂದು ಮಾತು ಹೇಳಿದ್ದರೆ, ದೇವರಾಣೆ, ನಾನು ಸ್ಟೂಲಿನಿಂದ ಇಳಿದು ಅವಳ ಕೈಗೇ ತೋರಣ ಕೊಡುತ್ತಿದ್ದೆ. ಅವಳು ತಲೆ ತಗ್ಗಿಸಿದಳು. ಅವತ್ತಿನ ಹಾಗೆಯೇ. ಕೂದಲು ಬೆಳ್ಳಗಾಗಿದೆ, ತಗ್ಗಿಸುವ ರೀತಿ ಬದಲಾಗಿಲ್ಲ.

"ಮುಂಡೆ ಸಾರ್ಸಿದ್ದು ಕಣವ್ವ" ಅಂದೆ. "ಇವತ್ತು ಸಾರ್ಸಿದ್ದೂ ಮುಂಡೇನೇ. ಇವ್ಳ ಮದ್ವೆ ಆಯ್ತಲ್ಲ, ಆವತ್ತು ಸಾರ್ಸಿದ್ದೂ ಮುಂಡೇನೇ. ಇವ್ಳ ಅಂಗೈಗೆ ಈವತ್ತಿನ್ಗಂಟ ಸಗಣಿ ಅಂಟಿಲ್ಲ."

ಹೂವಿನವಳು ಗಾಬರಿಯಾದಳು. "ಅಬ್ಬದ ದಿನ ಅಂತಾ ಮಾತ್ಯಾಕೆ ಬುಡ್ರವ್ವ."

"ಯಾವತ್ತೂ ಆಡ್ಲಿಲ್ಲ, ಅದುಕ್ಕೇ ಇವತ್ತು ಆಡ್ದೆ. ಮಾರುದ್ದ ಸ್ಯಾವಂತಿಗೆ ಕೊಡು, ಬಾಗ್ಲಿಗೆ."

ರಾಜಿ ಗೋಡೆಯ ಪಕ್ಕದ ಸಂದಿಯಲ್ಲಿ ಹಿತ್ತಿಲ ಕಡೆ ಹೊರಟಳು. ನಾನು ಹೂವು ಕಟ್ಟಿ ಇಳಿದೆ. ಜಗಲಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು ಈ ಬರಹ ಹಿಡಿದಿದ್ದೇನೆ. ಸಾರಿಸಿದರೆ ಚಿಕ್ಕತ್ತೆಗೆ ಸಿಟ್ಟು ಇಳಿಯುತ್ತಿತ್ತೇನೋ, ನನಗೆ ಇಳಿದಿಲ್ಲ. ಆದರೆ ಅದೀಗ ಜಗಲಿಯಲ್ಲಿಲ್ಲ, ಬಾಯಿಗೆ ಬಂದಿದೆ. ಅಷ್ಟು ವ್ಯತ್ಯಾಸ.

ಹಿಂದಿನ ಬಾಗಿಲು ಬಡಿಯುವುದು ಕೇಳಿಸುತ್ತಿದೆ. ಒಳಗೆ ಒಲೆಯ ಮುಂದೆ ಕೂತಿದ್ದ ಸುಧಾ ಎದ್ದಳು. "ಕೂತ್ಕೊ" ಅಂದೆ, ಕೂತಳು. ಎಮ್ಮೆ ನುಗ್ಗದ ಹಾಗೆ ಹಾಕುವ ಆ ಹಳೆಯ ಚಿಲಕ ಇನ್ನೂ ಗಟ್ಟಿಯಾಗಿದೆ, ಬೆಳಿಗ್ಗೆ ನಾನೇ ಹಾಕಿ ಬಂದಿದ್ದೇನೆ. ಒಲೆಯ ಮೇಲೆ ಒಬ್ಬಟ್ಟು ಬೇಯುತ್ತಿದೆ, ವಾಸನೆ ಬೀದಿಯ ತನಕ ಹೋಗುತ್ತಿದೆ. ಹಸಿವಾದಾಗ ಬರಲಿ. ಒಳಗೆ ಬರಲು ಇವತ್ತು ಈ ಮನೆಗೆ ಇರುವುದು ಇದೊಂದೇ ಬಾಗಿಲು.