ಕರ್ತೃ ಎಂಬ ಖಾನೆ

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ನಾನು ನಂಜನಗೂಡಿನ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿಯಾಗಿದ್ದೆ. ಅದೇ ಆಡಳಿತದ ಇನ್ನೊಂದು ಕಾಲೇಜು ಟಿ. ನರಸೀಪುರದಲ್ಲಿತ್ತು. ಅಲ್ಲಿನ ಗ್ರಂಥಪಾಲಕಿ ನನಗಿಂತ ಹಿರಿಯರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಎರಡೂ ಕಾಲೇಜಿಗೆ ಸೇರಿ ಒಂದು ವೆಬ್‌ಸೈಟ್ ಆಗಿತ್ತು. ಸುತ್ತೋಲೆ, ಪ್ರಶ್ನೆಪತ್ರಿಕೆ, ಮೇಷ್ಟರುಗಳ ಟಿಪ್ಪಣಿ ಎಲ್ಲವನ್ನೂ ಅದಕ್ಕೆ ಏರಿಸಿದ್ದರು. ಏರಿಸಿದ್ದೇನೋ ಸರಿ, ಬೇಕೆಂದಾಗ ಒಂದೂ ಕೈಗೆ ಸಿಗುತ್ತಿರಲಿಲ್ಲ. ಅದನ್ನು ಸರಿಮಾಡುವ ಕೆಲಸ ನಮ್ಮಿಬ್ಬರ ಪಾಲಿಗೆ ಬಂತು.

ಮೈಸೂರಿನಲ್ಲಿ ತರಬೇತಿ ಕೊಟ್ಟರು. ಪ್ರತಿ ಪುಟಕ್ಕೂ ಶೀರ್ಷಿಕೆ, ಕರ್ತೃ, ವಿಷಯ, ಪ್ರಕಾಶಕ, ದಿನಾಂಕ ಎಂಬಂಥ ಖಾನೆಗಳನ್ನು ತುಂಬಬೇಕು. ಎಲ್ಲ ಕಡೆಯೂ ಅವೇ ಖಾನೆ, ಅದೇ ಕ್ರಮ. ಮೆಟಾಡೇಟಾ ಎಂದು ಅದರ ಹೆಸರು. ಓದುವವರ ಕಣ್ಣಿಗೆ ಬೀಳದು, ಆದರೆ ಹುಡುಕುವಾಗ ಪುಟ ಸಿಗುವುದು ಅದರಿಂದಲೇ.

ಶನಿವಾರ ಮಧ್ಯಾಹ್ನ ನಾನು ಬಸ್ಸು ಹಿಡಿದು ನರಸೀಪುರಕ್ಕೆ ಹೋಗುತ್ತಿದ್ದೆ. ಅಕ್ಕ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ತಂದಿರುತ್ತಿದ್ದರು. ತಿಂದು ಕೈ ತೊಳೆದು ಕಂಪ್ಯೂಟರಿನ ಮುಂದೆ ಕೂತರೆ ಜಗಳ ಶುರು. ನಂಜನಗೂಡನ್ನು ಇಂಗ್ಲಿಷಿನಲ್ಲಿ ನಾನೊಂದು ಬಗೆ, ಅವರೊಂದು ಬಗೆ ಬರೆದು, ಹುಡುಕಿದಾಗ ಅರ್ಧ ಪುಟಗಳಷ್ಟೇ ಬಂದು ಇಬ್ಬರೂ ನಕ್ಕದ್ದುಂಟು.

ನಮ್ಮ ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟರೊಬ್ಬರು ತೀರಿಕೊಂಡಿದ್ದರು. ಕಪಿಲೆಯ ದಡದ ಗಿಡಗಳ ಮೇಲೆ ಅವರು ಕೈಯಲ್ಲಿ ಬರೆದಿದ್ದ ಟಿಪ್ಪಣಿಯನ್ನು ವಿಭಾಗದವರು ಸ್ಕ್ಯಾನ್ ಮಾಡಿ ಕಳಿಸಿದ್ದರು. ಕಳಿಸಿದ್ದು ವಿಭಾಗವಲ್ಲವೇ, ಕರ್ತೃವಿನ ಖಾನೆಗೆ ವಿಭಾಗದ ಹೆಸರೇ ಇರಲಿ ಎಂದೆ ನಾನು.

"ಬರ್ದೋರು ಯಾರು ಏಳು," ಎಂದರು ಅಕ್ಕ.

"ಮೇಷ್ಟ್ರು. ಆದ್ರೆ ಅವರೀಗ ಇಲ್ವಲ್ಲಕ್ಕ."

"ಇಲ್ದೋರ್ ಎಸ್ರು ಬುಟ್ಬುಡೋದಾ? ವಿಭಾಗನ ಪ್ರಕಾಶಕರ ಖಾನೇಲಿ ಆಕು. ಕರ್ತೃ ಮೇಷ್ಟ್ರೇ ಕಣಮ್ಮ."

ವಾದ ಬೆಳೆಯಿತು, ಕೊನೆಗೆ ನಾನು ಒಪ್ಪಿದೆ.

ಮುಂದಿನ ವರ್ಷ ಚಿಕ್ಕಯ್ಯನಛತ್ರದ ಕಡೆಯಿಂದ ಒಬ್ಬ ಹೆಣ್ಣುಮಗಳು ನಮ್ಮ ಗ್ರಂಥಾಲಯಕ್ಕೆ ಬಂದಳು. ಆ ಮೇಷ್ಟರ ಮಗಳು. "ನಮ್ಮಪ್ಪ ಬರೆದಿದ್ದು ಏನಾದ್ರೂ ಉಳಿದಿದ್ಯಾ ಮೇಡಂ? ಮನೇಲಿ ಒಂದು ಹಾಳೇನೂ ಇಲ್ಲ."

ಕೂರಿಸಿ, ಅವಳ ಕೈಯಿಂದಲೇ ಅಪ್ಪನ ಹೆಸರು ಟೈಪು ಮಾಡಿಸಿದೆ. ಆಗಿನ ಇಂಟರ್ನೆಟ್ ನಿಧಾನ. ಪರದೆಯಲ್ಲಿ ಟಿಪ್ಪಣಿಯ ಹಾಳೆ ಮೇಲಿನಿಂದ ಗೆರೆಗೆರೆಯಾಗಿ ಇಳಿಯಿತು. ಓರೆಯಾದ ನೀಲಿ ಅಕ್ಷರ, ಅಂಚಿನಲ್ಲಿ ಲಕ್ಕಿ ಗಿಡದ ಎಲೆಯ ಚಿತ್ರ.

"ಅಪ್ಪಂದೇ," ಎಂದಳು. "ಅಪ್ಪ 'ಳ' ಬರೆಯೋದು ಹಿಂಗೇ. ನಾನೂ ಹಿಂಗೇ ಬರೆದು ಸ್ಕೂಲಲ್ಲಿ ಬೈಸ್ಕೋತಿದ್ದೆ." ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಪ್ರಿಂಟು ತೆಗೆದುಕೊಟ್ಟೆ. ಬಿಸಿ ಆರದ ಹಾಳೆಗಳನ್ನು ಎದೆಗೆ ಒತ್ತಿಕೊಂಡು ಹೋದಳು.

ಕೂಡಲೇ ಅಕ್ಕನಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದೆ.

"ಇನ್ನೂ ಎಷ್ಟೋ ಪುಟ ಅಂಗೇ ಬಿದ್ದವೆ ಕಣಮ್ಮ," ಎಂದರು ಅಕ್ಕ. "ಈ ಶನ್ವಾರ ಬೆಳಿಗ್ಗೇನೆ ಬಂದ್ಬುಡು."

ಆ ಶನಿವಾರದಷ್ಟು ಹುಮ್ಮಸ್ಸಿನಿಂದ ಕೆಲಸಕ್ಕೆ ಹೊರಟ ಬೆಳಗು ನನಗೆ ಮತ್ತೆ ಸಿಕ್ಕಿಲ್ಲ.